ಹನ್ನೆರಡನೆಯ ಕತೆ

ಶಿರಸಿಯ ಒಂದು ಓಣಿಯ ತುದಿಯಲ್ಲಿ ನನ್ನ ಪ್ರಕಾಶಕರ ಮುದ್ರಣಾಲಯವಿದೆ. ಕೆಳಗೆ ಯಂತ್ರ, ಮರದ ಏಣಿ ಹತ್ತಿ ಹೋದರೆ ಮೇಲೊಂದು ಕೋಣೆ. ಮಾರಾಟವಾಗದೆ ಉಳಿದ ಪುಸ್ತಕದ ಕಟ್ಟುಗಳು ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಪೇರಿಸಿಕೊಂಡಿವೆ. ಮಳೆಗಾಲದಲ್ಲಿ ಕಾಗದ ತೇವ ಹಿಡಿಯಬಾರದೆಂದು ಹಗಲಿನಲ್ಲೂ ಒಂದು ಬಲ್ಬ್ ಉರಿಯುತ್ತಿರುತ್ತದೆ. 2019ರ ಆಷಾಢದ ಒಂದು ಮಧ್ಯಾಹ್ನ ಆ ಬಲ್ಬಿನ ಕೆಳಗೆ ನನ್ನ ಮೊದಲ ಕಥಾಸಂಕಲನದ ಕರಡು ಹರಡಿಕೊಂಡಿತ್ತು. ಹನ್ನೆರಡು ಕತೆಗಳು. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ, ಎರಡು ಕಡೆ ಮಣ್ಣು ಕುಸಿದ ರಸ್ತೆ ದಾಟಿ ಬಂದಿದ್ದೆ. ಕೊನೆಯ ತಿದ್ದುಪಡಿ ಮುಗಿಸಿ ಸಂಜೆಯ ಬಸ್ಸಿಗೆ ಮರಳಬೇಕೆಂದಿತ್ತು.

ಕೊನೆಯ ಕತೆಗೆ ಬಂದಾಗ ಪುಟದ ಎಡ ಅಂಚಿನಲ್ಲಿ ಪೆನ್ಸಿಲಿನ ಗೆರೆ ಕಂಡಿತು. ಮೇಲಿನಿಂದ ಕೆಳಗಿನವರೆಗೆ ನೇರವಾಗಿ ಎಳೆದ ಗೆರೆ. ಪುಟ ತಿರುಗಿಸಿದೆ, ಅಲ್ಲೂ ಇತ್ತು. ಹದಿನಾಲ್ಕು ಪುಟಗಳಲ್ಲೂ ಇತ್ತು. ಎಲ್ಲಿಯೂ ಒಂದು ಅಕ್ಷರ ತಿದ್ದಿರಲಿಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ.

"ಇದೊಂದು ಬೇಡ ಅಕ್ಕೋರೇ" ಎಂದರು ಅವರು. ನಮ್ಮ ಜಿಲ್ಲೆಯಲ್ಲಿ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ, ವಯಸ್ಸಿನಲ್ಲಿ ಹಿರಿಯರೂ ಹಾಗೆಯೇ ಕರೆಯುತ್ತಾರೆ. "ಕತೆ ಚೆನ್ನಾಗಿದೆ. ಅದಕ್ಕೇ ಬೇಡ ಎನ್ನುತ್ತಿದ್ದೇನೆ. ಚೆನ್ನಾಗಿಲ್ಲದಿದ್ದರೆ ಯಾರೂ ಓದುತ್ತಿರಲಿಲ್ಲ, ನಾನೂ ಹೆದರುತ್ತಿರಲಿಲ್ಲ."

ಕತೆ ದೊಡ್ಡದೇನಲ್ಲ. ಅಘನಾಶಿನಿಯ ಅಳಿವೆಯ ಬದಿಯ ಊರೊಂದರಲ್ಲಿ ಮೀನು ಮಾರುವ ಮುದುಕಿ. ಆಗಸ್ಟಿನಲ್ಲಿ ಕಡಲಿಗಿಳಿದ ಮಗನ ದೋಣಿ ಮರಳುವುದಿಲ್ಲ. ಎಂಟನೆಯ ದಿನ ಆಕೆ ಬುಟ್ಟಿ ಹೊತ್ತುಕೊಂಡೇ ಊರ ದೇವಿಯ ಗುಡಿಯೆದುರು ನಿಂತು ದೇವಿಯನ್ನು ಬೈಯುತ್ತಾಳೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಬಿಟ್ಟ ತೆಂಗಿನಕಾಯಿಯ ಲೆಕ್ಕ ಕೇಳುತ್ತಾಳೆ. ನಲವತ್ತು ವರ್ಷ ತಪ್ಪದೆ ಹಚ್ಚಿದ ದೀಪವನ್ನು ಅಂದಿನಿಂದ ನಿಲ್ಲಿಸುತ್ತಾಳೆ. ಕತೆಯ ಮುದುಕಿ ಕಲ್ಪನೆಯವಳಲ್ಲ. ಅಂಥ ಬೈಗುಳವನ್ನು ನಾನು ನನ್ನ ಕಿವಿಯಾರೆ ಕೇಳಿದ್ದೆ. ಗುಡಿಯ ಕಟ್ಟೆಯ ಮೇಲೆ ಪೂಜೆಯವರೂ ಕುಳಿತಿದ್ದರು. ಅವರು ಆಕೆಯನ್ನು ತಡೆಯಲಿಲ್ಲ. ಬೈದು ಮುಗಿಯುವವರೆಗೂ ತಲೆ ತಗ್ಗಿಸಿ ಕುಳಿತಿದ್ದರು.

ಪ್ರಕಾಶಕರ ಅಂಜಿಕೆಗೆ ಕಾರಣವಿತ್ತು, ಅದನ್ನು ಹಗುರಾಗಿ ತೆಗೆದುಕೊಳ್ಳಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರ, ಕುಮಟೆ, ಶಿರಸಿ ಕೋಮುಗಲಭೆಯಲ್ಲಿ ಹೇಗೆ ಹೊತ್ತಿಕೊಂಡವೆಂಬುದನ್ನು ಈ ಜಿಲ್ಲೆಯವರು ಮರೆತಿಲ್ಲ. ಅವತ್ತು ಅವರು ಶಟರ್ ಎಳೆದುಕೊಂಡು ಯಂತ್ರದ ಪಕ್ಕದಲ್ಲಿ ಕುಳಿತಿದ್ದರು, ಹೊರಗೆ ಕಲ್ಲು ಬೀಳುವ ಸದ್ದು ಕೇಳುತ್ತಿತ್ತು. "ಪುಸ್ತಕದ ವಿಷಯದಲ್ಲಿ ಗಲಾಟೆ ಆಗಿಯೇ ಆಗುತ್ತದೆ ಎಂದಲ್ಲ. ಯಾರೋ ಒಬ್ಬ ಹುಡುಗ ಒಂದು ಪುಟದ ಫೋಟೋ ತೆಗೆದು ಹತ್ತು ಗುಂಪುಗಳಿಗೆ ಕಳಿಸಿದರೆ ಸಾಕು. ಮೊದಲ ಪುಟದಲ್ಲಿ ನಿಮ್ಮ ಹೆಸರಿನ ಕೆಳಗೆ ನನ್ನ ವಿಳಾಸ ಇರುತ್ತದೆ. ನೀವು ಕುಮಟೆಯಲ್ಲಿರುತ್ತೀರಿ. ಅವರು ಬರುವುದು ಇಲ್ಲಿಗೆ" ಎಂದರು.

ಅದು ನಿಜ. ಮುದ್ರಕರ ಹೆಸರು, ಊರು ಪುಸ್ತಕದಲ್ಲಿ ಅಚ್ಚಾಗಲೇಬೇಕೆಂದು 1867ರಲ್ಲಿ ಬ್ರಿಟಿಷರು ಕಾನೂನು ಮಾಡಿದರು. 1857ರ ದಂಗೆಯಾಗಿ ಹತ್ತು ವರ್ಷ ಕಳೆದಿತ್ತಷ್ಟೆ, ಏನು ಅಚ್ಚಾಗುತ್ತಿದೆ, ಯಾರು ಅಚ್ಚು ಹಾಕುತ್ತಿದ್ದಾರೆ ಎಂಬುದರ ಮೇಲೆ ಸರ್ಕಾರಕ್ಕೆ ಕಣ್ಣಿಡಬೇಕಿತ್ತು. ಆ ಸಾಲು ಇಂದಿಗೂ ನಮ್ಮ ಪುಸ್ತಕಗಳ ಒಳಪುಟದಲ್ಲಿ ಕುಳಿತಿದೆ. ಅಂದು ಅದನ್ನು ಓದುತ್ತಿದ್ದವನು ಕಲೆಕ್ಟರ್. ಇಂದು ಯಾರು ಓದುತ್ತಾರೆಂದು ಪ್ರಕಾಶಕರಿಗೆ ತಿಳಿಯದು.

ನಾನು ಹೆಚ್ಚು ವಾದಿಸಲಿಲ್ಲ. ಮೊದಲ ಪುಸ್ತಕ, ಅದನ್ನು ಹಿಡಿದು ನೋಡುವ ಆಸೆ. ಹೊರಗೆ ಮಳೆ, ಬಸ್ಸಿನ ಹೊತ್ತು ಬೇರೆ. "ಸರಿ" ಎಂದುಬಿಟ್ಟೆ. ಅವರು ನಿಟ್ಟುಸಿರುಬಿಟ್ಟು, "ಒಂದು ಫಾರಂ ಕಡಿಮೆಯಾಯಿತು, ಖರ್ಚೂ ಉಳಿಯಿತು" ಎಂದರು. ಹದಿನಾರು ಪುಟಗಳ ಒಂದು ಫಾರಂ. ಹನ್ನೊಂದು ಕತೆಗಳ ಪುಸ್ತಕ ದೀಪಾವಳಿಯ ಹೊತ್ತಿಗೆ ಬಂತು. ಬಿಡುಗಡೆಯಾಯಿತು, ನಾಲ್ಕು ಒಳ್ಳೆಯ ಮಾತು ಬಂದವು, ಒಂದಿಷ್ಟು ಪ್ರತಿ ಗ್ರಂಥಾಲಯಗಳಿಗೆ ಹೋದವು. ಇನ್ನೊಂದು ಕತೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಇತ್ತು ಎಂದು ಗೊತ್ತಿದ್ದರಲ್ಲವೇ ಕೇಳುವುದು?

ಅಂದಿನಿಂದ ನನ್ನನ್ನು ಕೊರೆಯುತ್ತಿರುವುದು ಇದೇ. ಸರ್ಕಾರ ಒಂದು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡರೆ ರಾಜ್ಯಪತ್ರದಲ್ಲಿ ಆದೇಶ ಬರುತ್ತದೆ, ದಿನಾಂಕವಿರುತ್ತದೆ, ಕಾರಣವನ್ನು ಬರೆಯಲೇಬೇಕಾಗುತ್ತದೆ. ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಾಧೀಶರ ಪೀಠ ಕೇಳಬೇಕು. ನ್ಯಾಯ ಸಿಕ್ಕೇ ಸಿಗುತ್ತದೆಂದು ನಾನು ಹೇಳಲಾರೆ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯ ಮುಟ್ಟುಗೋಲನ್ನು 2007ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಆದರೆ ಒಪ್ಪಿಗೆಯಿಲ್ಲ ಎನ್ನುವುದಕ್ಕೆ ಅಲ್ಲೊಂದು ತೀರ್ಪಾದರೂ ಇದೆ. ತೆರೆದು ಓದಬಹುದು, ಸಾಲು ಹಿಡಿದು ವಾದಿಸಬಹುದು, ಆ ಕಾದಂಬರಿ ಹಿಡಿದದ್ದು ಬಸವಣ್ಣನ ಕಾಲದ ಯಾವ ಎಳೆಯನ್ನು ಎಂದು ಇಂದಿನ ವಿದ್ಯಾರ್ಥಿಯೂ ಕೇಳಬಹುದು. ಶಿರಸಿಯ ಅಟ್ಟದ ಮೇಲಿನ ಪೆನ್ಸಿಲ್ ಗೆರೆಯ ವಿರುದ್ಧ ನಾನು ಯಾವ ಪೀಠದ ಮುಂದೆ ನಿಲ್ಲಲಿ? ಅಲ್ಲಿ ಆದೇಶವಿಲ್ಲ, ದೂರುದಾರನಿಲ್ಲ, ಮನಸ್ಸು ನೊಂದವನೂ ಇಲ್ಲ. ಯಾರೂ ಇನ್ನೂ ಹುಟ್ಟಿಸದ ಸಿಟ್ಟಿಗೆ ನಾವಿಬ್ಬರೂ ಮುಂಗಡವಾಗಿ ಕಪ್ಪ ಕಟ್ಟಿದೆವು.

ಹೊರದೇಶದಲ್ಲಿ ನಡೆದ ಒಂದು ಸಂಗತಿ ಈ ವಿಷಯವನ್ನು ನನಗೆ ಬಿಡಿಸಿ ತೋರಿಸಿತು. 2008ರಲ್ಲಿ ಅಮೆರಿಕದ ರಾಂಡಮ್ ಹೌಸ್ ಸಂಸ್ಥೆ ಪ್ರವಾದಿಯವರ ಪತ್ನಿ ಆಯಿಷಾ ಕುರಿತು ಶೆರ್ರಿ ಜೋನ್ಸ್ ಬರೆದ ಕಾದಂಬರಿಯನ್ನು ಅಚ್ಚಿಗೆ ಹೋಗುವ ಮೊದಲೇ ಕೈಬಿಟ್ಟಿತು. ಬೆದರಿಕೆಯ ಪತ್ರ ಬಂದಿರಲಿಲ್ಲ. ಬೆನ್ನುಡಿಗೆಂದು ಕರಡನ್ನು ಓದಲು ಕೊಟ್ಟಿದ್ದ ಪ್ರಾಧ್ಯಾಪಕಿಯೊಬ್ಬರು ಇದರಿಂದ ಅನಾಹುತವಾದೀತೆಂದು ಎಚ್ಚರಿಸಿದ್ದರು, ಅಷ್ಟು ಸಾಕಾಯಿತು. ಮುಂದೆ ಲಂಡನ್ನಿನ ಸಣ್ಣ ಪ್ರಕಾಶಕರೊಬ್ಬರು ಅದನ್ನು ತರಲು ಹೊರಟಾಗ ಅವರ ಮನೆಗೆ ಬೆಂಕಿಯನ್ನೇ ಹಚ್ಚಿದರು. ಹಾಗಾಗಿ ಭಯ ಸುಳ್ಳೆಂದು ಹೇಳುವಂತಿಲ್ಲ. ಅದೇ ವರ್ಷ ಅಮೆರಿಕದಲ್ಲಿಯೇ ಇನ್ನೊಂದು ಚಿಕ್ಕ ಸಂಸ್ಥೆ ಆ ಪುಸ್ತಕವನ್ನು ತಂದಿತು, ಅಲ್ಲಿ ಅಂಗಡಿಗಳಲ್ಲಿ ಮಾರಾಟವೂ ಆಯಿತು. ಮರುವರ್ಷ ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ ಮಾಡಿದ್ದಂತೂ ವಿಚಿತ್ರ. ಡೆನ್ಮಾರ್ಕಿನ ವ್ಯಂಗ್ಯಚಿತ್ರಗಳ ವಿವಾದವನ್ನು ಕುರಿತ ಅಧ್ಯಯನ ಗ್ರಂಥದಿಂದ ಆ ವ್ಯಂಗ್ಯಚಿತ್ರಗಳನ್ನು ತೆಗೆಯಿತು. ಅಷ್ಟಕ್ಕೇ ನಿಲ್ಲದೆ ಹಳೆಯ ಕಾಲದ ಕಲಾವಿದರು ಬರೆದ ಪ್ರವಾದಿಯ ಬೇರೆ ಚಿತ್ರಗಳನ್ನೂ ತೆಗೆಯಿತು. ಅಂಜಿಕೆ ಒಂದು ಪುಟಕ್ಕೆ ನಿಲ್ಲುವುದಿಲ್ಲ. ಗೆದ್ದಲು ಹಿಡಿದ ಪುಸ್ತಕವನ್ನು ನೋಡಿದವರಿಗೆ ಗೊತ್ತು, ಅದು ಹಾಳೆಯಿಂದ ಹಾಳೆಗೆ ತೂತು ಕೊರೆದುಕೊಂಡು ಹೋಗುತ್ತದೆ.

ನಮ್ಮಲ್ಲಿ 2014ರ ಫೆಬ್ರುವರಿಯಲ್ಲಿ ಪೆಂಗ್ವಿನ್ ಇಂಡಿಯಾ ವೆಂಡಿ ಡೊನಿಗರ್ ಅವರ ಹಿಂದೂ ಧರ್ಮದ ಇತಿಹಾಸವನ್ನು ಕೋರ್ಟಿನ ಹೊರಗೆ ರಾಜಿ ಮಾಡಿಕೊಂಡು ಹಿಂತೆಗೆದುಕೊಂಡಿತು. ಯಾವ ನ್ಯಾಯಾಲಯವೂ ಆ ಪುಸ್ತಕ ತಪ್ಪೆಂದು ಹೇಳಿರಲಿಲ್ಲ. ಜಗತ್ತಿನ ಅತಿ ದೊಡ್ಡ ಪ್ರಕಾಶನಗಳಲ್ಲಿ ಒಂದು, ವಕೀಲರ ಪಡೆಯನ್ನೇ ಇಟ್ಟುಕೊಳ್ಳಬಲ್ಲ ಸಂಸ್ಥೆ, ಹಾಗೆ ಬಗ್ಗಿದ ಮೇಲೆ ಐನೂರು ಪ್ರತಿ ಹಾಕುವ ಶಿರಸಿಯ ಮುದ್ರಕರು ನೆಟ್ಟಗೆ ನಿಲ್ಲಲಿಲ್ಲವೆಂದು ನಾನು ಯಾವ ಬಾಯಲ್ಲಿ ಕೇಳಲಿ?

ಪ್ರಕಾಶಕ ಎಂದೊಡನೆ ನನಗೆ ಲಾಹೋರಿನ ರಾಜಪಾಲ ನೆನಪಾಗುತ್ತಾನೆ. ಪ್ರವಾದಿಯವರ ಖಾಸಗಿ ಬದುಕನ್ನು ಹಳಿದು ಬರೆದ ಒಂದು ಕಿರುಹೊತ್ತಿಗೆಯನ್ನು ಆತ 1924ರಲ್ಲಿ ಪ್ರಕಟಿಸಿದ. ಆ ಹೊತ್ತಿಗೆಯನ್ನು ಮೆಚ್ಚಿ ನಾನು ಈ ಮಾತು ಹೇಳುತ್ತಿಲ್ಲ, ಅದು ಕೆಣಕುವುದಕ್ಕೆಂದೇ ಬರೆದದ್ದು. ಬರೆದವರು ಯಾರೆಂದು ಆತ ಕಡೆಯವರೆಗೂ ಬಾಯಿಬಿಡಲಿಲ್ಲ. 1927ರಲ್ಲಿ ಹೈಕೋರ್ಟ್ ಆತನನ್ನು ಬಿಡುಗಡೆ ಮಾಡಿತು. ಅದರಿಂದೆದ್ದ ಕೋಲಾಹಲದ ಫಲವಾಗಿ ಅದೇ ವರ್ಷ ದಂಡ ಸಂಹಿತೆಗೆ, ಧಾರ್ಮಿಕ ಭಾವನೆಗಳನ್ನು ಕೆರಳಿಸುವ ಅವಮಾನವನ್ನು ಅಪರಾಧವೆನ್ನುವ 295ಎ ಕಲಮು ಸೇರಿತು. 1929ರಲ್ಲಿ ಒಬ್ಬ ಯುವಕ ರಾಜಪಾಲನನ್ನು ಅವನ ಅಂಗಡಿಯಲ್ಲಿಯೇ ಇರಿದು ಕೊಂದ. ಲೇಖಕನ ಹೆಸರಿನ ಬದಲು ತನ್ನ ಜೀವ ಕೊಟ್ಟವನು ಪ್ರಕಾಶಕ. ಈಗ ನಾವೆಲ್ಲ ಅಂಜುವ ಕಲಮು ಅದೇ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ 299 ಎಂಬ ಹೊಸ ಸಂಖ್ಯೆ ಬಂದಿದೆ. ಬೇಕೆಂದೇ, ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಅದು ಅನ್ವಯವಾಗುತ್ತದೆ. ಅರಿವಿಲ್ಲದೆ, ಅಜಾಗರೂಕತೆಯಿಂದ ಆದದ್ದಕ್ಕೆ ಅನ್ವಯವಾಗದೆಂದು ಸುಪ್ರೀಂ ಕೋರ್ಟ್ 1957ರಲ್ಲಿಯೇ ಹೇಳಿದೆ. ಸರ್ಕಾರದ ಮಂಜೂರಾತಿಯಿಲ್ಲದೆ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವಂತೆಯೂ ಇಲ್ಲ. ಹೀಗೆ ಬರೆದು ನೋಡಿದರೆ ಕಾನೂನು ನಮ್ಮ ಭಯಕ್ಕಿಂತ ಕಿರಿದು. ಆದರೆ ದೂರು ದಾಖಲಾದ ದಿನವೇ ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಿನದಲ್ಲ. ಪ್ರಕರಣ ಬಿದ್ದುಹೋಗುವ ಹೊತ್ತಿಗೆ ಎಷ್ಟು ತಾರೀಖು, ಎಷ್ಟು ಸಲ ಕೋರ್ಟಿನ ಜಗಲಿ! ನನ್ನ ಪ್ರಕಾಶಕರು ಅಂದು ಹೇಳಿದ ಇನ್ನೊಂದು ಮಾತು: "ಶಿಕ್ಷೆ ಆಗುವುದಿಲ್ಲ ಎಂದು ನನಗೂ ಗೊತ್ತು. ಅಲ್ಲಿಯವರೆಗೆ ಯಂತ್ರ ಓಡಿಸುವವರು ಯಾರು?"

ಹಾಗಾದರೆ ನಮ್ಮ ಜನರ ನಂಬಿಕೆ ಅಷ್ಟು ಬಡಕಲೇ? ನಾನು ಬೆಳೆದ ಊರಿನಲ್ಲಿ ಹಾಗಿರಲಿಲ್ಲ.

ದೇವಸ್ಥಾನದ ಚಂದ್ರಶಾಲೆಯಲ್ಲಿ ತಾಳಮದ್ದಳೆಯನ್ನು, ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಆ ಯಕ್ಷಗಾನವನ್ನು, ಕೇಳಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ಅಪ್ಪನ ಪಕ್ಕದಲ್ಲಿ ಚಾಪೆಯ ಮೇಲೆ ಅರೆನಿದ್ದೆಯಲ್ಲಿ ಕುಳಿತು ನಾನು ಕೇಳಿದ ವಾಲಿವಧೆ ಇಂದಿಗೂ ಕಿವಿಯಲ್ಲಿದೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗ. ಭಾಗವತರು ಪದ ಮುಗಿಸಿದರು, ಮದ್ದಳೆ ನಿಂತಿತು, ವಾಲಿಯ ಅರ್ಥಧಾರಿ ಶಾಲು ಸರಿಪಡಿಸಿಕೊಂಡು ಮಾತಿಗೆ ತೊಡಗಿದರು. ಮುಕ್ಕಾಲು ಗಂಟೆ. ಮರದ ಮರೆಯಲ್ಲಿ ನಿಂತು ಹೊಡೆದವನು ಕ್ಷತ್ರಿಯನೇ ಎಂದು ಕೇಳಿದರು. ನನಗೂ ನಿನಗೂ ಯಾವ ಹಗೆ ಎಂದು ಕೇಳಿದರು. ಹೆಂಡತಿಯನ್ನು ಕಾಯಲಾರದವನು ಧರ್ಮವನ್ನು ಕಾಯಲು ಹೊರಟೆಯಾ ಎಂದು ಕೇಳಿದರು. ಆ ಮಾತಿಗೆ ಸಭೆಯಲ್ಲಿ ಒಂದು ಕ್ಷಣ ಉಸಿರು ನಿಂತು ಆಮೇಲೆ ಚಪ್ಪಾಳೆ ಬಿದ್ದದ್ದು ನೆನಪಿದೆ. ಎದುರಿಗೆ ಕುಳಿತ ರಾಮನ ಅರ್ಥಧಾರಿಯ ಮುಖ ಬಾಡಿತ್ತು, ಅದು ಅಭಿನಯವೋ ನಿಜವೋ ಇಂದಿಗೂ ಹೇಳಲಾರೆ. ಗರ್ಭಗುಡಿಯಲ್ಲಿ ನಂದಾದೀಪ ಉರಿಯುತ್ತಿತ್ತು. ದೇವರಿಗೆ ಕೇಳಿಸುವಷ್ಟು ಹತ್ತಿರದಲ್ಲಿ, ಪೂಜೆಯ ಭಟ್ಟರೇ ಮುಂದಿನ ಸಾಲಿನಲ್ಲಿ ತೊಡೆ ತಟ್ಟುತ್ತ ಕೇಳುತ್ತಿರುವಾಗ, ದೇವರನ್ನು ಕಟಕಟೆಗೆ ಎಳೆದರು. ಬೆಳಿಗ್ಗೆ ಎಲ್ಲರೂ ತೀರ್ಥಪ್ರಸಾದ ತೆಗೆದುಕೊಂಡು ಗದ್ದೆಗೆ ಹೋದರು. ಯಾರ ಭಾವನೆಗೂ ಧಕ್ಕೆಯಾಗಲಿಲ್ಲ. ನಮ್ಮ ದಾಸರ ಹಾಡುಗಳಲ್ಲಿ ದೇವರನ್ನು ಹಂಗಿಸುವ ಒಂದು ಬಗೆಗೆ ನಿಂದಾಸ್ತುತಿ ಎಂಬ ಹೆಸರೇ ಇದೆ. ಬೈದು ಹೊಗಳುವುದು, ಬೈಯುವಷ್ಟು ಸಲಿಗೆಯಿರುವುದು. ಮೀನು ಮಾರುವ ಮುದುಕಿ ಗುಡಿಯ ಮುಂದೆ ನಿಂತದ್ದೂ ಅದೇ ಸಲಿಗೆಯಿಂದ.

ಈ ಮಾತನ್ನು ಪ್ರಕಾಶಕರಿಗೆ ಹೇಳಿದಾಗ ಅವರು ಕೊಟ್ಟ ಉತ್ತರವನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ. ವಾಲಿಯ ಮಾತು ಕೇಳಿದವರು ಎದ್ದುಹೋಗುವುದಿಲ್ಲ, ರಾಮನ ಉತ್ತರವನ್ನೂ ಕೇಳಿಯೇ ಹೋಗುತ್ತಾರೆ ಎಂದರು. ಅಲ್ಲಿ ಕುಳಿತವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು. ಹದಿನಾಲ್ಕು ಪುಟಗಳಲ್ಲಿ ಒಂದೇ ಪುಟದ ಫೋಟೋ ನೋಡಿದವನು ಆ ಸಭೆಯಲ್ಲಿ ಕುಳಿತವನಲ್ಲ. ಅವರು ಹೇಳಿದ್ದು ಸರಿ. ಆದರೆ ಓದದವನ ಸಿಟ್ಟಿಗೆ ಓದುವವನ ಪುಸ್ತಕವನ್ನು ಅಳತೆ ಮಾಡುತ್ತ ಹೋದರೆ ಕೊನೆಗೆ ರಾಮನ ಉತ್ತರವೂ ಉಳಿಯುವುದಿಲ್ಲ. ಪ್ರಶ್ನೆಯೇ ಇಲ್ಲದ ಮೇಲೆ ಉತ್ತರವನ್ನು ಯಾರು ಕೊಡುತ್ತಾರೆ?

ಇದು ಒಂದೇ ಧರ್ಮದ ಮಾತಲ್ಲ. ಭಟ್ಕಳದ ನನ್ನ ಗೆಳತಿಯೊಬ್ಬಳು, ನನ್ನಂತೆಯೇ ಶಾಲೆಯ ಅಕ್ಕೋರು, ತನ್ನ ಅಜ್ಜಿಯ ಎರಡನೆಯ ಮದುವೆಯ ಸುತ್ತ ಒಂದು ಕಿರುಕಾದಂಬರಿ ಬರೆದಿದ್ದಾಳೆ. ಅದಕ್ಕೆ ಎರಡು ಕಡೆಯಿಂದಲೂ ಬಾಗಿಲು ಮುಚ್ಚಿದೆ. ನಿಮ್ಮವರೇ ಸಿಟ್ಟಾಗುತ್ತಾರೆ ಎಂದು ಒಬ್ಬ ಪ್ರಕಾಶಕರು ಮರಳಿಸಿದರು. ನಿಮ್ಮವರನ್ನು ಹಳಿಯುವವರು ಇದನ್ನು ಎತ್ತಿ ಆಡಿಸುತ್ತಾರೆ ಎಂದು ಇನ್ನೊಬ್ಬರು ಮರಳಿಸಿದರು. ಎರಡೂ ಮಾತಿನಲ್ಲಿ ಕಾಳಜಿಯೇ ಇತ್ತು. ಕಾದಂಬರಿ ಮಾತ್ರ ಅವಳ ಟ್ರಂಕಿನಲ್ಲಿದೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವಿಬ್ಬರೂ ಫೋನಿನಲ್ಲಿ ಅತ್ತಿದ್ದೆವು. ಮಸೀದಿಯಲ್ಲಿ ಹೆಂಗಸರಿಗೂ ಪ್ರವೇಶವಿರಬೇಕು ಎಂದದ್ದಕ್ಕೆ 2000ದಲ್ಲಿ ಅದೇ ಬಾನು ಅವರಿಗೆ ಬಹಿಷ್ಕಾರ ಹಾಕಿದ್ದರು ಎಂಬುದನ್ನು ಅವಳೇ ನೆನಪಿಸಿದಳು. ಹಾರ ಹಾಕುವ ದಿನ ಸೇರುವ ನಮ್ಮ ಊರುಗಳು ಆ ದಿನ ಎಲ್ಲಿದ್ದವು ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಸಂಶೋಧಕ ಎಂ.ಎಂ. ಕಲಬುರ್ಗಿಯವರದ್ದೂ ಅದೇ ನೋವು. 1989ರಲ್ಲಿ ತಮ್ಮ ಸಂಶೋಧನೆಯ ಮಾತುಗಳನ್ನು ಒತ್ತಾಯಕ್ಕೆ ಮಣಿದು ಹಿಂತೆಗೆದುಕೊಂಡಾಗ ಅವರು ಅದನ್ನು ಬೌದ್ಧಿಕ ಆತ್ಮಹತ್ಯೆ ಎಂದು ಕರೆದಿದ್ದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲಿ ಗುಂಡು ಹಾರಿತು. ಆ ದಿನದ ನಂತರ ಕನ್ನಡದ ಯಾವ ಪ್ರಕಾಶಕರ ಮೇಜಿನ ಮೇಲೂ ಪೆನ್ಸಿಲ್ ಹಿಂದಿನಷ್ಟು ಹಗುರಾಗಿಲ್ಲ.

ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರ ಕತೆಯಲ್ಲಿ ಮಾತ್ರ ನನಗೊಂದು ದಾರಿ ಕಾಣುತ್ತದೆ. 2015ರ ಜನವರಿಯಲ್ಲಿ, ತಮ್ಮ ಕಾದಂಬರಿಯೊಂದರ ವಿರುದ್ಧ ಗಲಾಟೆ ಎದ್ದ ಮೇಲೆ, ಲೇಖಕ ಪೆರುಮಾಳ್ ಮುರುಗನ್ ಸತ್ತಿದ್ದಾನೆ ಎಂದು ತಾವೇ ಬರೆದುಕೊಂಡರು. ಪುಸ್ತಕಗಳನ್ನು ಮಾರಬೇಡಿ, ನಷ್ಟ ತುಂಬಿಕೊಡುತ್ತೇನೆ ಎಂದು ಪ್ರಕಾಶಕರನ್ನು ಬೇಡಿಕೊಂಡರು. ಆದರೆ ಅವರ ತಮಿಳು ಪ್ರಕಾಶಕರು ಕೈಬಿಡಲಿಲ್ಲ, ಬರಹಗಾರರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ಆ ಲೇಖಕ ಮತ್ತೆ ಬದುಕಿ ಬರೆಯಲಿ ಎಂದಿತು. ಅಲ್ಲಿ ಪ್ರಕಾಶಕ ಒಬ್ಬನೇ ಶಟರ್ ಎಳೆದುಕೊಂಡು ಕುಳಿತಿರಲಿಲ್ಲ. ನಮ್ಮ ಕಡೆ ಲೇಖಕರು ಪುಸ್ತಕ ಬರೆದುಕೊಡುತ್ತೇವೆ, ಓದುಗರು ಕೊಂಡರೆ ಕೊಳ್ಳುತ್ತೇವೆ, ಕಷ್ಟ ಬಂದ ದಿನ ಪ್ರಕಾಶಕರು ಪುಕ್ಕಲರು ಎಂದು ಬರೆಯುತ್ತೇವೆ. ನಾಲ್ಕು ಪ್ರಕಾಶಕರು ಸೇರಿ ಒಂದು ಪುಸ್ತಕಕ್ಕೆ ಒಟ್ಟಿಗೆ ಹೆಸರು ಹಾಕಬಹುದು. ಹತ್ತು ಲೇಖಕರು ವರ್ಷಕ್ಕಿಷ್ಟೆಂದು ಕೂಡಿಸಿ ಒಬ್ಬ ವಕೀಲರನ್ನು ಗೊತ್ತುಮಾಡಿಟ್ಟುಕೊಳ್ಳಬಹುದು. ನಾನು 2019ರಲ್ಲಿ ಇದಾವುದನ್ನೂ ಹೇಳಲಿಲ್ಲ. ಕರಡು ಕೊಟ್ಟು ಬಸ್ಸು ಹಿಡಿದೆ.

ಕಳೆದ ವರ್ಷ ನೂಲ ಹುಣ್ಣಿಮೆ ಕಳೆದು ಎರಡು ದಿನಕ್ಕೆ ಆ ಊರಿಗೆ ಹೋದೆ. ಆಕೆ ಈಗ ಮೀನು ಮಾರಲು ಹೋಗುವುದಿಲ್ಲ, ಜಗಲಿಯಲ್ಲಿ ಕುಳಿತು ಶೆಟ್ಲಿ (ಸಿಗಡಿ) ಬಿಡಿಸುತ್ತಾಳೆ. ಮಗ ಮರಳಲೇ ಇಲ್ಲ. ನಾನು ಚೀಲದಿಂದ ಹದಿನಾಲ್ಕು ಹಾಳೆ ತೆಗೆದು, ನಿನ್ನ ಮಾತನ್ನು ಬರೆದಿದ್ದೇನೆ, ಓದಲೇ ಎಂದು ಕೇಳಿದೆ. ಓದು ಎಂದಳು. ಓದುತ್ತಿರುವಾಗ ಅವಳ ಕೈ ನಿಲ್ಲಲಿಲ್ಲ. ಸಿಪ್ಪೆ ಒಂದು ಕಡೆ, ಶೆಟ್ಲಿ ಒಂದು ಕಡೆ. ಗುಡಿಯ ಮುಂದಿನ ಮಾತು ಬಂದಾಗ ಒಮ್ಮೆ ತಲೆಯೆತ್ತಿದಳು. ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಇಷ್ಟು ಮೆತ್ತಗೆ ಬೈದಿರಲಿಲ್ಲ ತಂಗೀ" ಎಂದಳು. "ನಿನಗೊಂದು ಮಗುವಿದ್ದಿದ್ದರೆ ತಿಳಿಯುತ್ತಿತ್ತು ಎಂದಿದ್ದೆ ಅವಳಿಗೆ. ನೀನು ಅಲ್ಲೇ ಇದ್ದೆಯಲ್ಲ. ಅದನ್ನು ಯಾಕೆ ಬಿಟ್ಟೆ?"

ನಾನು ಅಲ್ಲೇ ಇದ್ದೆ. ಆ ಮಾತನ್ನು ಕೇಳಿದ್ದೆ. ಮನೆಗೆ ಬಂದು ಬರೆಯಲು ಕುಳಿತ ರಾತ್ರಿ ಅದು ಲೇಖನಿಯ ತುದಿಗೆ ಬಂದದ್ದೂ ನೆನಪಿದೆ. ಯಾರೂ ಕೇಳದಿದ್ದರೂ, ಶಿರಸಿಯ ಪೆನ್ಸಿಲ್ ಇನ್ನೂ ದೂರವಿದ್ದಾಗಲೇ, ಅದನ್ನು ನಾನೇ ಬಿಟ್ಟಿದ್ದೆ.

ಈಗ ಆ ಸಾಲು ಕತೆಯಲ್ಲಿದೆ. ಹದಿನಾಲ್ಕು ಪುಟ ಹದಿನಾರಾಗಿದೆ. ಎರಡನೆಯ ಸಂಕಲನದ ಹಸ್ತಪ್ರತಿಯಲ್ಲಿ ಅದನ್ನೇ ಮೊದಲ ಕತೆಯಾಗಿ ಇಟ್ಟು ಈ ತಿಂಗಳ ಮೊದಲ ವಾರ ಘಟ್ಟ ಹತ್ತಿದೆ. ಪುಸ್ತಕಕ್ಕೆ ಜೊತೆಯಲ್ಲಿ ಹೆಸರು ಹಾಕಲು ಒಪ್ಪಿರುವ ಇನ್ನೊಬ್ಬ ಪ್ರಕಾಶಕರ ಪತ್ರವನ್ನೂ ಒಯ್ದಿದ್ದೆ. ನನ್ನ ಪ್ರಕಾಶಕರು ಪತ್ರವನ್ನು ಆಮೇಲೆ ನೋಡುತ್ತೇನೆಂದು ಬದಿಗಿಟ್ಟು, ಕನ್ನಡಕ ಹಾಕಿಕೊಂಡು, ಬಲ್ಬಿನ ಕೆಳಗೆ ಕತೆ ಓದಿದರು. ಪೆನ್ಸಿಲ್ ಕೈಯಲ್ಲಿಯೇ ಇತ್ತು. ಆ ಸಾಲಿನ ಹತ್ತಿರ ಬಂದು ನಿಂತರು. ಮತ್ತೆ ಓದಿದರು. ಅಂಚಿನಲ್ಲಿ ಏನನ್ನೂ ಎಳೆಯಲಿಲ್ಲ. ಕೊನೆಯ ಹಾಳೆ ಮಗುಚಿಟ್ಟು, "ಆಮೇಲೆ ಆಕೆ ದೀಪ ಹಚ್ಚಿದಳೇ?" ಎಂದು ಕೇಳಿದರು.

"ಮರುವರ್ಷದ ನೂಲ ಹುಣ್ಣಿಮೆಗೆ ಹಚ್ಚಿದಳಂತೆ" ಎಂದೆ.

"ಅದನ್ನು ಬರೆಯಲಿಲ್ಲವಲ್ಲ?"

"ಬರೆದರೆ ಅಚ್ಚು ಹಾಕಲು ಸುಲಭವಾಗುತ್ತದೆಯೇ?"

"ಅದಕ್ಕೆ ಕೇಳಲಿಲ್ಲ ಅಕ್ಕೋರೇ" ಎಂದರು. "ತಿಳಿಯಬೇಕೆನಿಸಿತು, ಕೇಳಿದೆ."

ಹಸ್ತಪ್ರತಿಯನ್ನು ಅವರು ಕೆಳಗೆ ಡಿಟಿಪಿ ಮಾಡುವ ಹುಡುಗಿಗೆ ಕಳಿಸಲಿಲ್ಲ. ನನಗೆ ಮರಳಿಸಲೂ ಇಲ್ಲ. ಮೇಜಿನ ಖಾನೆಯಲ್ಲಿಟ್ಟುಕೊಂಡರು. ಇಂದಿಗೆ ಹತ್ತೊಂಬತ್ತು ದಿನವಾಯಿತು.